ಅಪ್‌ಡೇಟ್: ಹಳೆಯ ಹವಳದ ಸರ ಮತ್ತು ‘22 ಕ್ಯಾರೆಟ್ ಅಲ್ಲ’ ಎಂಬ ವರದಿ

ಹಿಂದಿನ ಪ್ರಶ್ನೆ ಇಷ್ಟು: ಕಾರವಾರದಿಂದ ಆನ್‌ಲೈನ್‌ನಲ್ಲಿ ಮಾರಿದ ಹಳೆಯ ಹವಳ-ಚಿನ್ನದ ಸರವನ್ನು ಮೂರನೆಯವರ ಪರೀಕ್ಷಾ ಕೇಂದ್ರ ‘22 ಕ್ಯಾರೆಟ್ ಅಲ್ಲ’ ಎಂದು ವಾಪಸ್ ಕಳಿಸಿತ್ತು. ಈಗ ಮಾರಾಟ ಮುಗಿದಿದೆ.

ಆ ಕೇಂದ್ರದ ವರದಿಯಲ್ಲಿದ್ದದ್ದು ಒಂದೇ ಎಕ್ಸ್‌ಆರ್‌ಎಫ್ (ಎಕ್ಸ್‌-ರೇ ಬಿಟ್ಟು ಲೋಹದ ಪಾಲು ಅಳೆಯುವ ಯಂತ್ರ) ರೀಡಿಂಗ್, ಅದೂ ಕೊಂಡಿಯ ಬೆಸುಗೆಯ ಮೇಲಿನದು. ಬೆಸುಗೆ ಒಡವೆಗಿಂತ ಮೊದಲು ಕರಗಬೇಕು. ಹಾಗಾಗಿ ಹಳೆಯ ಕೆಲಸದಲ್ಲಿ ಅದಕ್ಕೆ ತಾಮ್ರ, ಬೆಳ್ಳಿ ಹೆಚ್ಚು ಬೆರೆಸುತ್ತಿದ್ದರು. ಯಂತ್ರ ನೋಡುವುದೂ ಮೇಲಿನ ಕೆಲವೇ ಮೈಕ್ರಾನ್. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನ್ಯತೆಯ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಮತ್ತೆ ತೋರಿಸಿದಾಗ ಸಾವಿರ ಪಾಲಿನಲ್ಲಿ ಚಿನ್ನ ಗುಂಡಿನ ಮೇಲೆ 917, ಕೊಂಡಿಯ ಮೇಲೆ 915, ಬೆಸುಗೆಯಲ್ಲಿ ಮಾತ್ರ 872 (22 ಕ್ಯಾರೆಟ್ ಎಂದರೆ ಸುಮಾರು 916). ಪ್ರತಿ ರೀಡಿಂಗ್ ಎಲ್ಲಿಂದ ತೆಗೆದದ್ದು ಎಂದು ಫೋಟೊದಲ್ಲಿ ಗುರುತು ಹಾಕಿಸಿ. ವಾದ ಗೆದ್ದದ್ದೇ ಆ ಫೋಟೊದಿಂದ.

ಎಚ್‌ಯುಐಡಿ (ಹಾಲ್‌ಮಾರ್ಕ್ ಆದ ಪ್ರತಿ ಒಡವೆಗೂ ಕೊಡುವ ಬೇರೆಬೇರೆ ಗುರುತು) ಇಲ್ಲ ಎಂಬ ಆಕ್ಷೇಪವೂ ಇತ್ತು. ಆರು ಅಕ್ಷರ-ಅಂಕಿಗಳ ಆ ಸಂಕೇತ ಬಂದದ್ದೇ 2021ರಲ್ಲಿ, ಅಜ್ಜಿಯ ಕಾಲದ ಸರದಲ್ಲಿ ಎಲ್ಲಿಂದ ಬರಬೇಕು? ಗ್ರಾಹಕರು ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ನೇರವಾಗಿ ಒಯ್ದರೆ ಪರೀಕ್ಷಾ ವರದಿ ಸಿಗುತ್ತದೆ; ಹಾಲ್‌ಮಾರ್ಕ್ ಮುದ್ರೆ ಬೇಕಾದರೆ ನೋಂದಾಯಿತ ಆಭರಣ ವ್ಯಾಪಾರಿಯ ಮೂಲಕವೇ ಹೋಗಬೇಕು.

ಇನ್ನೊಂದು, ತುಂಬಾ ಮುಖ್ಯ: ಪಾರ್ಸೆಲ್ ಜೊತೆ ‘ಅಲ್ಟ್ರಾಸಾನಿಕ್ (ಶಬ್ದದ ಕಂಪನದಿಂದ ತೊಳೆಯುವ ಯಂತ್ರ), ಆಮ್ಲ ಬೇಡ’ ಎಂಬ ಚೀಟಿ ಇಡಿ. ಹವಳ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದರೆ ಹೊಳಪು ಹೋಗಿಯೇ ಬಿಡುತ್ತದೆ, ಮುತ್ತಿಗೂ ಅದೇ ಗತಿ. ಒಟ್ಟು ತೂಕ ಮತ್ತು ಹವಳ, ದಾರ ಕಳೆದ ಚಿನ್ನದ ತೂಕವನ್ನು ಬೇರೆಬೇರೆಯಾಗಿ ಬರೆಯಿರಿ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲಿಟ್ಟು, ಸೀಲ್ ಹಾಕುವವರೆಗೂ ನಿಲ್ಲಿಸದೆ ವಿಡಿಯೊ ಮಾಡಿ.