ಟಿವಿ ಗೋಡೆಗೆ ಗಾಢ ಬಣ್ಣ: ಜಾಜೋ, ನೀಲಿಬೂದೋ, ಹಸಿರೋ?

ಬಳ್ಳಾರಿ_ಮನೆ

ನಮಸ್ಕಾರ. ಬಳ್ಳಾರಿಯ ನಮ್ಮ ಮನೆಯ ಹಾಲ್‌ಗೆ ಬಣ್ಣ ಹಚ್ಚಿಸಬೇಕು. ಮೂರು ಗೋಡೆ ಈಗಿನ ಐವರಿಯಲ್ಲೇ ಇರಲಿ, ಟಿವಿ ಗೋಡೆಗೆ ಮಾತ್ರ ಗಾಢ ಬಣ್ಣ ಬೇಕು ಅಂತ ಮನೆಯವರೆಲ್ಲರ ಆಸೆ. ಟಿವಿ ಗೋಡೆ ದಕ್ಷಿಣದ್ದು, 11 ಅಡಿ ಅಗಲ, 10 ಅಡಿ ಎತ್ತರ. ಪಶ್ಚಿಮಕ್ಕೆ ಒಂದೇ ದೊಡ್ಡ ಕಿಟಕಿ. ನೆಲಕ್ಕೆ ಕೆನೆಬಣ್ಣದ ವಿಟ್ರಿಫೈಡ್ ಟೈಲ್ಸ್, ಬಾಗಿಲು ತೇಗದ್ದು, ಪಾಲಿಶ್ ಆಗಿದೆ. ಲೈಟು 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿ. ಕ್ಯಾಟಲಾಗ್ ನೋಡಿ ಜಾಜಿನ (ಕೆಮ್ಮಣ್ಣಿನ) ಕೆಂಪು, ನೀಲಿಬೂದು, ಆಲಿವ್ ಹಸಿರು ಅಂತ ಮೂರಕ್ಕೆ ಬಂದು ನಿಂತಿದ್ದೇವೆ.

ಗೋಡೆಯ ಬುಡದಲ್ಲಿ ಒಂದಡಿ ಎತ್ತರದವರೆಗೆ ಹಳೇ ಬಣ್ಣ ಪುಡಿಯಾಗಿ ಉದುರುತ್ತಿದೆ. ಪೇಂಟರ್ ಹೇಳೋದು, "ಮೇಲೆ ಪುಟ್ಟಿ ಎಳೆದು ಎರಡು ಕೋಟ್ ಹೊಡೆದರೆ ಆಯ್ತು, ಒಂದು ಲೀಟರ್ ಸಾಕು." ನಿಜವಾಗಿ ಸಾಕಾ? ಬಣ್ಣ ಯಾವುದು ಹಿಡಿಯಲಿ?

ರಾಯಚೂರು_ಬಿಸಿಲು

ಕ್ಯಾಟಲಾಗ್ ಪಕ್ಕಕ್ಕಿಡಿ, ಮೊದಲು ಆ ಗೋಡೆಗೆ ಯಾವ ಬೆಳಕು ಬೀಳುತ್ತದೆ ನೋಡಿ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ ಸರಿದು ಮುಳುಗುತ್ತಾನೆ. ಆಗ ಪಶ್ಚಿಮದ ಕಿಟಕಿಯಿಂದ ಬರುವ ಸಂಜೆ ಬಿಸಿಲು ದಕ್ಷಿಣದ ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗುತ್ತದೆ. ಪುಟ್ಟಿಯಲ್ಲಿ ಎಲ್ಲಿ ಉಬ್ಬು, ಎಲ್ಲಿ ತಗ್ಗು ಇದ್ದರೂ ನೆರಳು ಬಿದ್ದು ಎದ್ದು ಕಾಣುತ್ತದೆ. ಬಣ್ಣ ಗಾಢವಾದಷ್ಟೂ, ಹೊಳಪು ಜಾಸ್ತಿಯಾದಷ್ಟೂ ಇದು ಹೆಚ್ಚು. ಅದಕ್ಕೆ ಹೊಳಪಿನ ಸ್ಯಾಟಿನ್, ಶೀನ್ ಯಾವುದೂ ಬೇಡ. ತೊಳೆಯಲು ಬರುವ, ಹೊಳಪಿಲ್ಲದ ಮ್ಯಾಟ್ ಎಮಲ್ಷನ್ನೇ ತಗೊಳ್ಳಿ. ಟಿವಿ ನೋಡುವಾಗ ಕಣ್ಣಿಗೆ ಪ್ರತಿಫಲನವೂ ಬಡಿಯುವುದಿಲ್ಲ.

ಇನ್ನೊಂದು, ನಮ್ಮ ಕಡೆ ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಪರದೆ ಎಳೆದರೆ ಸಂಜೆಯೇ ತೆಗೆಯುವುದು. ಹಾಗಾಗಿ ನೀವು ಹೆಚ್ಚು ಹೊತ್ತು ಆ ಬಣ್ಣ ನೋಡುವುದು ಲೈಟಿನ ಬೆಳಕಿನಲ್ಲೇ. 6500ರ ಬಿಳಿ ಬೆಳಕಿನಲ್ಲಿ ಜಾಜು ಸತ್ತು ಕಂದಾಗುತ್ತದೆ, ನೀಲಿಬೂದು ಇನ್ನಷ್ಟು ನೀಲಿಗೆ ತಿರುಗುತ್ತದೆ. ಬೆಳಕು ಅದಕ್ಕಿಂತ ಕೊಂಚ ಹಳದಿಗಿರುವ 4000 ಕೆಲ್ವಿನ್ನಿನ ಬಲ್ಬ್ ಹಾಕಿ, ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಅಂಕ) 90 ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಬಲ್ಬ್ ಮೊದಲು ಬದಲಿಸಿ, ಬಣ್ಣ ಆಮೇಲೆ ಆರಿಸಿ.

ಕ್ಯಾಟಲಾಗಿನ ಚೂರಿಗಿಂತ ಇಡೀ ಗೋಡೆಯ ಮೇಲೆ ಬಣ್ಣ ಜೋರಾಗಿ ಕಾಣುತ್ತದೆ. ನಿಮಗೆ ಹಿಡಿಸಿದ್ದಕ್ಕಿಂತ ಒಂದು ಮೆಟ್ಟಿಲು ಬೂದು ಬೆರೆತ ಶೇಡ್ ನೋಡಿ. ಮೂರಕ್ಕೂ ಸ್ಯಾಂಪಲ್ ಡಬ್ಬಿ ತಂದು, ಎರಡಡಿ ಚೌಕದ ದಪ್ಪ ರಟ್ಟಿನ ಮೇಲೆ ಅಂಚಿನವರೆಗೂ ಎರಡು ಕೋಟ್ ಹಚ್ಚಿ. ಸುತ್ತ ಬಿಳಿ ಅಂಚು ಬಿಟ್ಟರೆ ಬಣ್ಣ ಇದ್ದದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ರಟ್ಟನ್ನು ಬಾಗಿಲ ಪಕ್ಕ, ನೆಲಕ್ಕೆ ತಾಗಿಸಿ, ಟಿವಿ ಹಿಂದೆ ಇಟ್ಟು ಬೆಳಿಗ್ಗೆ, ಸಂಜೆ, ರಾತ್ರಿ ನೋಡಿ.

ನನ್ನ ಮತ ನೀಲಿಬೂದಿಗೆ. ತೇಗದ ಪಾಲಿಶ್‌ನಲ್ಲಿ ಕಿತ್ತಳೆ ಛಾಯೆ ಇರುತ್ತದೆ, ಜಾಜೂ ಅದೇ ಕಡೆಯದು. ಎರಡೂ ಅಕ್ಕಪಕ್ಕ ಬಂದರೆ ಬಾಗಿಲಿನ ಕಳೆ ಹೋಗುತ್ತದೆ. ನೀಲಿಬೂದು ಇದ್ದರೆ ಅದೇ ಮರ ಮುಂದೆ ಬಂದು ನಿಲ್ಲುತ್ತದೆ.

ಕೊಪ್ಪಳ_ಗಿಲಾವ್

ಬಣ್ಣದ ಮಾತು ಆಮ್ಯಾಲ ಇರ್ಲಿ ರೀ, ಮೊದಲು ಗ್ವಾಡಿ ಬುಡ ನೋಡ್ರಿ. ಪುಡಿ ಉದುರೋದು ಸವಳು. ನೆಲದ ತೇವ ಗ್ವಾಡ್ಯಾಗ ಏರಿ, ಉಪ್ಪು ಹೊತ್ಕೊಂಡು ಬರ್ತೈತಿ. ನೀರು ಆರಿ ಹೋಗ್ತೈತಿ, ಉಪ್ಪು ಬಣ್ಣದ ಹಿಂದ ಹರಳುಗಟ್ಟಿ ಅದನ್ನ ಹೊರಗ ತಳ್ತೈತಿ. ಅದರ ಮ್ಯಾಲ ಪುಟ್ಟಿ ಎಳದ್ರ ಪುಟ್ಟಿನೂ ಹಂಗ ಉದುರ್ತೈತಿ. ಐವರಿ ಗ್ವಾಡ್ಯಾಗ ಬಿಳಿ ಉಪ್ಪು ಅಷ್ಟು ಕಾಣ್ಸಂಗಿಲ್ಲ, ನೀಲಿ ಇಲ್ಲಾ ಜಾಜಿನ ಮ್ಯಾಲ ದೂರದಿಂದನ ಕಾಣ್ತೈತಿ. ಗಾಢ ಬಣ್ಣ ಹಚ್ಚೋರು ಇದನ್ನ ಬಿಡಂಗ ಇಲ್ಲ.

ತೇವ ಐತೋ ಇಲ್ಲೋ ನೋಡಾಕ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳಿ ತಗೊಂಡು ನಾಕೂ ಕಡೆ ಟೇಪ್ ಹಚ್ಚಿ ಗ್ವಾಡಿಗೆ ಬಿಗೀರಿ. ಒಂದು ದಿನ ಬಿಟ್ಟು ತಗೀರಿ. ಒಳಗ ಹನಿ ಕಂಡ್ರ, ಗ್ವಾಡಿ ಕಪ್ಪಾಗಿದ್ರ ಬಣ್ಣದ ಕೆಲಸ ಅಲ್ಲೇ ನಿಲ್ಸ್ರಿ. ಗ್ವಾಡಿ ಹಿಂದ ಬಚ್ಚಲ, ನೀರಿನ ಪೈಪು ಐತೇನು, ಹೊರಗ ಮಳಿನೀರು ನಿಲ್ತೈತೇನು ನೋಡ್ರಿ. ಕಾರಣ ಹುಡುಕದ ಬರೇ ವಾಟರ್‌ಪ್ರೂಫ್ ಬಣ್ಣ ಬಡದ್ರ ತೇವ ಒಂದಡಿ ಬಿಟ್ಟು ಎರಡಡಿಗೆ ಏರ್ತೈತಿ.

ಆಮ್ಯಾಲ ಸವಳು ಹೊಡದ ಗೆರಿಗಿಂತ ಒಂದಡಿ ಮ್ಯಾಲಿನ ತನಕ ಹಳೇ ಗಿಲಾವ್ (ಪ್ಲಾಸ್ಟರ್) ಕೆತ್ತಿ ತಗಸ್ರಿ. ಇಟ್ಟಂಗಿನ ಒಣ ಬ್ರಷ್‌ನಿಂದ ತಿಕ್ರಿ. ನೀರು ಹಾಕಿ ತೊಳಿಬ್ಯಾಡ್ರಿ, ಉಪ್ಪು ಕರಗಿ ತಿರುಗಿ ಒಳಗ ಹೊಕ್ತೈತಿ. ಒಂದು ಪಾಲು ಸಿಮೆಂಟಿಗೆ ನಾಕು ಪಾಲು ತೊಳದ ಉಸುಕು, ಜೊತಿಗೆ ವಾಟರ್‌ಪ್ರೂಫಿಂಗ್ ದ್ರಾವಣ ಡಬ್ಬಿ ಮ್ಯಾಲ ಬರದಷ್ಟು ಹಾಕಿ ಹೊಸ ಗಿಲಾವ್ ಮಾಡ್ಸ್ರಿ. ಕಲಸಾಕ ಸವಳು ಬೋರಿನ ನೀರು ಬ್ಯಾಡ. ನೀರುಣಿಸಿ, 28 ದಿನ ಬಿಟ್ಟು ಬಣ್ಣದ ಮಾತು. ಹಸಿ ಸಿಮೆಂಟಿನ ಕ್ಷಾರ ಬಣ್ಣ ಸುಡ್ತೈತಿ, ತೇಪಿ ಹಾಕಿದ ಜಾಗ ಬ್ಯಾರೆನ ಕಾಣ್ತೈತಿ. ಬುಡಕ್ಕ ಪಿಒಪಿ ಬ್ಯಾಡವೇ ಬ್ಯಾಡ, ಬಿಳಿ ಸಿಮೆಂಟಿನ ಪುಟ್ಟಿನ ಹಾಕ್ರಿ.

ಎರೆ ಭೂಮ್ಯಾಗ ಕಟ್ಟಿದ ಮನಿಯಾಗಿದ್ರ ಕಿಟಕಿ ಮೂಲಿಯಿಂದ ಓರೆ ಬಿರುಕು ಇರ್ತಾವು. ಅವನ್ನ ವಿ ಆಕಾರಕ್ಕ ಬಿಡಿಸಿ, ಕ್ರ್ಯಾಕ್ ಫಿಲ್ಲರ್ ತುಂಬಿ, ಮ್ಯಾಲ ಜಾಳಿಗಿ ಟೇಪ್ ಹಚ್ರಿ. ಬರೇ ಪುಟ್ಟಿ ತುಂಬಿದ್ರ ಎರಿ ಮಣ್ಣು ಮಳಿಗಾಲಕ್ಕ ಉಬ್ಬಿದಾಗ ತಿರುಗಿ ಬಿಡ್ತಾವು.

ಸಿಂಧನೂರು_ರೋಲರ್

ಅಳತೆಗೆ ಬರೋಣ. 110 ಚದರಡಿ ಗೋಡೆ. ಒಳ್ಳೆ ಎಮಲ್ಷನ್ ಲೀಟರಿಗೆ ಎರಡು ಕೋಟ್‌ನಲ್ಲಿ 120ರಿಂದ 140 ಚದರಡಿ ಬರುತ್ತದೆ ಅಂತ ಡಬ್ಬಿ ಮೇಲಿರುತ್ತದೆ. ನಿಮ್ಮ ಪೇಂಟರ್ ಲೆಕ್ಕ ತಿಳಿ ಬಣ್ಣಕ್ಕೆ ಸರಿ. ಗಾಢ ಶೇಡ್ ಮಾಡುವ ಬೇಸ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ವರ್ಣದ್ರವ್ಯ ತೀರಾ ಕಡಿಮೆ, ಅದಕ್ಕೆ ಅಡಿಯ ಬಣ್ಣ ಮುಚ್ಚುವ ಶಕ್ತಿಯೂ ಕಡಿಮೆ. ಮೂರು ಕೋಟ್ ಹಿಡಿದುಕೊಳ್ಳಿ. ಒಂದೊಂದು ಲೀಟರಿನ ಎರಡು ಡಬ್ಬಿ ಅಂಗಡಿಯಲ್ಲಿ ಒಂದೇ ಸಲ ಟಿಂಟ್ ಮಾಡಿಸಿ (ಬೇಸ್‌ಗೆ ಬಣ್ಣ ಬೆರೆಸಿಸಿ), ಮನೆಗೆ ತಂದು ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿ. ಬೇರೆ ಬೇರೆ ದಿನ ಮಾಡಿಸಿದ ಡಬ್ಬಿಗಳಲ್ಲಿ ಛಾಯೆ ಚೂರು ಹೆಚ್ಚು ಕಡಿಮೆ ಆದರೂ ಗೋಡೆಯ ನಡುವೆ ಗೆರೆ ಬೀಳುತ್ತದೆ. ಉಳಿದದ್ದು ಮುಂದೆ ಟಚಪ್‌ಗೆ ಬೇಕೇ ಬೇಕು.

ಪ್ರೈಮರಿಗೆ ಸ್ವಲ್ಪ ಬೂದು ಬೆರೆಸಿದರೆ ಗಾಢ ಬಣ್ಣ ಬೇಗ ಮುಚ್ಚುತ್ತದೆ. ಪುಟ್ಟಿ ಎರಡು ಕೈ, 180ರ ಎಮರಿ ಪೇಪರಿನಿಂದ ಉಜ್ಜಿ, ಕೊನೆಗೆ 320. ಉಜ್ಜುವಾಗ ಕಿಟಕಿ ಕಡೆಯಿಂದ ಟಾರ್ಚ್ ಓರೆಯಾಗಿ ಹಿಡಿದರೆ ತಗ್ಗು ಅಲ್ಲೇ ಸಿಗುತ್ತದೆ.

ಏಪ್ರಿಲ್, ಮೇನಲ್ಲಿ ಈ ಕೆಲಸ ಹಿಡಿಯಬೇಡಿ. 40 ಡಿಗ್ರಿ ಸೆಕೆಯಲ್ಲಿ ರೋಲರ್ ಮುಂದೆ ಹೋಗುವಷ್ಟರಲ್ಲಿ ಹಿಂದಿನದು ಒಣಗಿ ಜೋಡಿಸಿದ ಗುರುತು ಉಳಿಯುತ್ತದೆ. ದೀಪಾವಳಿ ಮುಗಿದ ಮೇಲೆ, ಬೆಳಿಗ್ಗೆ, ಫ್ಯಾನ್ ನಿಲ್ಲಿಸಿ ಹಚ್ಚಿಸಿ. ಮೂರಡಿ ಅಂಚನ್ನು ಬ್ರಷ್‌ನಿಂದ ಬಳಿದು ತಕ್ಷಣ ಅಷ್ಟಕ್ಕೇ ರೋಲರ್ ಹೊಡೆಯಬೇಕು. ಇಡೀ ಅಂಚು ಮೊದಲೇ ಬಳಿದಿಟ್ಟರೆ ಸುತ್ತ ಚೌಕಟ್ಟು ಕಾಣುತ್ತದೆ. ಕೋಟ್ ನಡುವೆ ನಾಲ್ಕು ತಾಸು. ಬೇಗ ಮುಗಿಸಲು ನೀರು ಜಾಸ್ತಿ ಬೆರೆಸುವುದನ್ನು ಒಪ್ಪಬೇಡಿ.

ಬಣ್ಣದ ವಿಷಯಕ್ಕೆ ರಾಯಚೂರಿನವರ ಮಾತನ್ನು ಪೂರ್ತಿ ಒಪ್ಪಲಾರೆ. ಬಳ್ಳಾರಿಯ ಕೆಂಧೂಳು ನೀಲಿಬೂದಿನ ಮೇಲೆ ಕೂತರೆ ತಿಂಗಳೊಳಗೆ ಮಂಕು. ಬೂದು ಬೆರೆತ ಆಲಿವ್ ಆದರೆ ತೇಗಕ್ಕೂ ಒಗ್ಗುತ್ತದೆ, ಧೂಳನ್ನೂ ಮರೆಸುತ್ತದೆ. ಜಾಜೇ ಬೇಕಾದರೆ, ಅಂಗಡಿಯಲ್ಲಿ ರೆಡ್ ಆಕ್ಸೈಡ್, ಯೆಲ್ಲೋ ಆಕ್ಸೈಡ್ ಟಿಂಟರಿನಿಂದ ಆಗುವ ಶೇಡ್ ಕೇಳಿ. ಕಬ್ಬಿಣದ ಆಕ್ಸೈಡ್ ಬಿಸಿಲಿಗೂ ಕ್ಷಾರಕ್ಕೂ ಜಗ್ಗುವುದಿಲ್ಲ, ಚೆನ್ನಾಗಿ ಮುಚ್ಚುತ್ತದೆ. ಟೆಕ್ಸ್ಚರ್ ಮಾತ್ರ ಬೇಡ, ಸಂದಿಯಲ್ಲಿ ಕೂತ ಧೂಳು ಒರೆಸಿದರೆ ಇನ್ನೂ ಮೆತ್ತಿಕೊಳ್ಳುತ್ತದೆ.

ರಾಯಚೂರು_ಬಿಸಿಲು

ಧೂಳಿನ ಮಾತು ಒಪ್ಪಿದೆ, ಆಲಿವ್ ರಟ್ಟನ್ನೂ ಖಂಡಿತ ಇಟ್ಟು ನೋಡಿ. ಮ್ಯಾಟ್ ಗೋಡೆಯನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಹಗುರವಾಗಿ ಒರೆಸಿ. ಒತ್ತಿ ತಿಕ್ಕಿದರೆ ಆ ಜಾಗ ಹೊಳಪಾಗಿ ಕಲೆಯಂತೆ ಉಳಿಯುತ್ತದೆ.

ಬಳ್ಳಾರಿ_ಮನೆ

ಎಲ್ಲರಿಗೂ ಧನ್ಯವಾದ. ಪ್ಲಾಸ್ಟಿಕ್ ಹಾಳೆ ಇವತ್ತೇ ಅಂಟಿಸುತ್ತೇನೆ. ಪಕ್ಕದ ಐವರಿ ಗೋಡೆಯ ಮೂಲೆಯಲ್ಲಿ ಗೆರೆ ನೇರವಾಗಿ ಬರಲು ಟೇಪ್ ಸಾಕಾ? ಟೇಪ್ ಅಡಿಯಲ್ಲಿ ಬಣ್ಣ ಹರಿಯುತ್ತದೆ ಅಂತಾರೆ.

ಸಿಂಧನೂರು_ರೋಲರ್

ಟೇಪನ್ನು ಐವರಿ ಗೋಡೆ ಮೇಲೆ, ಮೂಲೆಗೆ ಸರಿಯಾಗಿ ಅಂಟಿಸಿ ಬೆರಳಿನಿಂದ ಒತ್ತಿ. ಮೊದಲು ಟೇಪಿನ ಅಂಚಿಗೆ ಐವರಿ ಬಣ್ಣವನ್ನೇ ತೆಳ್ಳಗೆ ಬಳಿದು ಒಣಗಿಸಿ. ಸಂದಿಗೆ ಹರಿಯುವುದಿದ್ದರೆ ಅದೇ ಹರಿದು ಸಂದಿ ಮುಚ್ಚುತ್ತದೆ. ಆಮೇಲೆ ಗಾಢ ಬಣ್ಣ. ಕೊನೆ ಕೋಟ್ ಇನ್ನೂ ಹಸಿ ಇರುವಾಗಲೇ ಟೇಪನ್ನು ಓರೆಯಾಗಿ ಎಳೆದು ತೆಗೆಯಿರಿ, ಪೂರ್ತಿ ಒಣಗಿದ ಮೇಲೆ ಎಳೆದರೆ ಪದರವೂ ಜೊತೆಗೆ ಕಿತ್ತು ಬರುತ್ತದೆ.