ದಿನಕ್ಕೆ ಅರ್ಧ ಗಂಟೆ ಎಲ್ಲಿಂದ ತರಲಿ?

ಓದುಗರ ಸಮಸ್ಯೆ: ನನಗೆ 43 ವರ್ಷ. ಬೆಂಗಳೂರಿನ ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಬೆಳಿಗ್ಗೆ ಐದೂವರೆಗೆ ಎದ್ದು ತಿಂಡಿ, ನಾಲ್ಕು ಡಬ್ಬಿ, ಅತ್ತೆಯವರ ಮಾತ್ರೆ ಎಲ್ಲ ಮುಗಿಸಿ ಎಂಟೂಕಾಲಿಗೆ ಮನೆ ಬಿಡಬೇಕು. ಬಸ್ಸು, ಮೆಟ್ರೊ ಹಿಡಿದು ವಾಪಸಾಗುವಾಗ ಏಳು ಗಂಟೆ. ಈಚೆಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ತೋರಿಸುವ ಪರೀಕ್ಷೆ) 6.1 ಬಂತು. ದಿನಾ ಅರ್ಧ ಗಂಟೆ ನಡೆಯಿರಿ ಎಂದರು ಡಾಕ್ಟರು. ಎರಡು ಸಲ ನಾಲ್ಕೂವರೆಗೆ ಎದ್ದು ವಾಕಿಂಗ್ ಶುರುಮಾಡಿದೆ, ಹತ್ತು ದಿನಕ್ಕೇ ನಿಂತುಹೋಯಿತು. ಮೆಟ್ಟಿಲು ಇಳಿಯುವಾಗ ಮಂಡಿಯೂ ನೋಯುತ್ತದೆ. ದಾರಿ ತಿಳಿಸಿ.

ಓದುಗರ ಸ್ಪಂದನ

ಅರ್ಧ ಗಂಟೆಯನ್ನು ಒಂದೇ ಸಲಕ್ಕೆ ನಡೆದು ಮುಗಿಸಬೇಕೆಂದು ಯಾರೂ ಹೇಳಿಲ್ಲ ತಾಯಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೇಳುವುದು ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಬಿರುಸಿನ ಚಟುವಟಿಕೆ. ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕು ಎಂಬ ಹಳೆಯ ಷರತ್ತು ಅದರಲ್ಲಿ ಇಲ್ಲ. ಐದೈದು ನಿಮಿಷ ಕೂಡಿಸಿದರೂ ಲೆಕ್ಕಕ್ಕೆ ಬರುತ್ತದೆ.

ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿದ್ದೀರಿ ಎಂದರ್ಥ. ಈ ಹಂತದಲ್ಲಿ ನಸುಕಿನ ವಾಕಿಂಗೇ ಆಗಬೇಕೆಂಬ ಹಟ ಬೇಡ, ಊಟದ ಬೆನ್ನಿಗೇ ನಡೆಯಿರಿ. ಅನ್ನ, ಮುದ್ದೆ, ಚಪಾತಿ ಏನೇ ಉಂಡರೂ ಸುಮಾರು ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದ ಸಕ್ಕರೆ ಮೇಲೇರುತ್ತದೆ. ಕೆಲಸ ಮಾಡುತ್ತಿರುವ ಕಾಲಿನ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ಆ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ಉಂಡ ಅರ್ಧ ಗಂಟೆಯೊಳಗೆ ಹೊರಡಿ. ಮಧ್ಯಾಹ್ನ ಕಚೇರಿಯಲ್ಲಿ ಡಬ್ಬಿ ಮುಚ್ಚಿದ ಕೂಡಲೇ ಹತ್ತು ನಿಮಿಷ, ರಾತ್ರಿ ಹದಿನೈದು ನಿಮಿಷ. ರಾತ್ರಿ ಉಂಡವರು ಒಮ್ಮೆ ಸೋಫಾದಲ್ಲಿ ಕೂತರೆ ಮತ್ತೆ ಏಳುವುದು ಕಷ್ಟ. ಪಾತ್ರೆಗೆ ನೀರು ಬಿಟ್ಟು ನೆನೆಯಲು ಇಟ್ಟು, ಹಾಗೇ ತಾರಸಿಗೋ ಬೀದಿಗೋ ಹೋಗಿ, ಬಂದು ತೊಳೆಯಿರಿ.

ನಡಿಗೆಯ ಬಿರುಸು ಹೀಗಿರಲಿ: ಮಾತಾಡಲು ಬರಬೇಕು, ಹಾಡಲು ಬರಬಾರದು. ಅಂದಾಜು ನಿಮಿಷಕ್ಕೆ 100 ಹೆಜ್ಜೆ. ಹದಿನೈದು ಸೆಕೆಂಡಿಗೆ 25 ಹೆಜ್ಜೆ ಆಗುತ್ತಿದೆಯೇ ಎಣಿಸಿ ನೋಡಿ. ಫೋನಿನಲ್ಲಿ ಮಾತಾಡುತ್ತ ಅಡ್ಡಾಡುವಾಗ ಸಾಮಾನ್ಯವಾಗಿ ಇಷ್ಟು ವೇಗ ಬರುವುದಿಲ್ಲ. ನಡೆಯುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಡಾಕ್ಟರನ್ನು ಕಾಣಿ.
— ವೈದ್ಯೆ, ಹುಬ್ಬಳ್ಳಿ

ನಡಿಗೆಯ ಮಾತು ಅವರಿವರು ಹೇಳುತ್ತಾರೆ, ನಾನು ಮಂಡಿಯ ವಿಷಯಕ್ಕೆ ಬರುತ್ತೇನೆ. ಇಳಿಯುವಾಗ ಮಾತ್ರ ನೋಯುತ್ತದೆ ಎಂದರೆ ಬಹಳ ಮಟ್ಟಿಗೆ ಮಂಡಿಚಿಪ್ಪಿನ ಹಿಂದಿನ ಒತ್ತಡ. ಏರುವುದಕ್ಕಿಂತ ಇಳಿಯುವಾಗ ಅಲ್ಲಿ ಭಾರ ಜಾಸ್ತಿ, ಅದನ್ನು ತಡೆಯಬೇಕಾದ ತೊಡೆಯ ಮುಂಭಾಗದ ಸ್ನಾಯು ಸೋತಿರುತ್ತದೆ. ಮಂಡಿ ಊದಿಕೊಂಡಿದ್ದರೆ, ಮಡಚಿದಾಗ ಸಿಕ್ಕಿಹಾಕಿಕೊಂಡರೆ ಮೊದಲು ತೋರಿಸಿ. ಹಾಗೇನೂ ಇಲ್ಲದಿದ್ದರೆ ಮೆಟ್ರೊ ನಿಲ್ದಾಣದಲ್ಲಿ ಮೆಟ್ಟಿಲು ಹತ್ತಿ ಹೋಗಿ, ಇಳಿಯಲು ಮಾತ್ರ ಲಿಫ್ಟ್ ಅಥವಾ ಎಸ್ಕಲೇಟರ್ ಹಿಡಿಯಿರಿ.

ನಡಿಗೆಯಿಂದ ಈ ಸ್ನಾಯು ಬಲವಾಗುವುದು ಕಡಿಮೆ. ವಾರಕ್ಕೆ ಎರಡು ದಿನ, ನಡುವೆ ಎರಡು ದಿನ ಬಿಟ್ಟು, ಹನ್ನೆರಡು ನಿಮಿಷ ಇದಕ್ಕೇ ಕೊಡಿ. ಮೊದಲನೆಯದು ಕುರ್ಚಿಯಿಂದ ಎದ್ದು ಕೂರುವುದು. ಮರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಪ್ಲಾಸ್ಟಿಕ್ ಕುರ್ಚಿ ನುಣುಪಾದ ನೆಲದಲ್ಲಿ ಹಿಂದೆ ಜಾರುತ್ತದೆ. ಪಾದ ಭುಜದಷ್ಟು ಅಗಲ, ಬೆರಳು ತುಸು ಹೊರಗೆ. ಕೈ ಎದೆಗೆ ಕಟ್ಟಿಕೊಂಡು ಮುಂದೆ ಬಾಗಿ ಏಳಿ. ಕೂರುವಾಗ ಸೊಂಟವನ್ನು ಹಿಂದಕ್ಕೆ ಒಯ್ಯುತ್ತ ಮನಸ್ಸಿನಲ್ಲಿ ಮೂರು ಎಣಿಸಿ, ದೊಪ್ಪನೆ ಬೀಳಬೇಡಿ. ನಿಮ್ಮ ಮಂಡಿಗೆ ಬೇಕಾದದ್ದೇ ಈ ನಿಧಾನದ ಇಳಿತ. ಏಳುವಾಗ ಮಂಡಿಗಳು ಒಂದನ್ನೊಂದು ಕಡೆ ವಾಲುವುದೇ ದೊಡ್ಡ ತಪ್ಪು. ಸೀರೆ, ನೈಟಿಯಲ್ಲಿ ಅದು ಕಾಣುವುದಿಲ್ಲ, ಪೈಜಾಮ ಹಾಕಿ ಕನ್ನಡಿ ಮುಂದೆ ಒಮ್ಮೆ ನೋಡಿಕೊಳ್ಳಿ. ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕೇ ಇರಬೇಕು. ಎಂಟು ಸಲ, ಒಂದೂವರೆ ನಿಮಿಷ ಬಿಡುವು, ಮತ್ತೆ ಎಂಟು. ನೋವು ಬಂದರೆ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರಿಸಿ.

ಆ ಬಿಡುವಿನಲ್ಲಿ ಸುಮ್ಮನೆ ನಿಲ್ಲದೆ ಗೋಡೆಯನ್ನು ತಳ್ಳಿ: ಅಂಗೈ ಎದೆಯ ಮಟ್ಟದಲ್ಲಿ ಗೋಡೆಗೆ, ಪಾದ ಒಂದು ತೋಳಿನಷ್ಟು ಹಿಂದೆ, ಮೈ ಹಲಗೆಯಂತೆ ನೇರ, ಮೊಣಕೈ ಮಡಚಿ ಎದೆಯನ್ನು ಗೋಡೆಯತ್ತ ತಂದು ಮತ್ತೆ ಹಿಂದಕ್ಕೆ ತಳ್ಳಿ, ಹತ್ತು ಸಲ. ಇದು ಸಲೀಸಾದಾಗ ಅಡುಗೆಕಟ್ಟೆಯ ಅಂಚು ಹಿಡಿದು ಮಾಡಿ, ಕಟ್ಟೆ ಒಣಗಿರಲಿ. ಬೆನ್ನಿಗಾಗಿ ಕೈಚೀಲದಲ್ಲಿ ಒಂದು ಲೀಟರಿನ ಮೂರು ನೀರಿನ ಬಾಟಲಿ ಹಾಕಿದರೆ ಮೂರು ಕೆಜಿ ಆಯಿತು. ಒಂದು ಕೈ ಕುರ್ಚಿಗೆ ಊರಿ ಬಾಗಿ, ಇನ್ನೊಂದು ಕೈಯಿಂದ ಚೀಲವನ್ನು ಸೊಂಟದತ್ತ ಎಳೆಯಿರಿ, ಎರಡೂ ಕಡೆ ಹತ್ತು ಹತ್ತು. ಉಸಿರು ಕಟ್ಟಬೇಡಿ, ಎತ್ತುವಾಗ ಬಿಡಿ.

ಕೊನೆಯ ಎರಡು ಸಲ ನಿಜಕ್ಕೂ ಕಷ್ಟ ಅನಿಸಬೇಕು. ಕಷ್ಟವಾಗದಿದ್ದರೆ ಒಂದು ಬಾಟಲಿ ಹೆಚ್ಚಿಸಿ. ಮನೆಗೆಲಸವೇ ಸಾಕಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಬಗ್ಗಿ ನೆಲ ಒರೆಸುವುದು ಚಟುವಟಿಕೆಯೇ, ಆ ನಿಮಿಷಗಳನ್ನು ಸೇರಿಸಿಕೊಳ್ಳಿ. ಆದರೆ ಸ್ನಾಯು ಬಲವಾಗಲು ಭಾರ ಏರುತ್ತಾ ಹೋಗಬೇಕು, ನೆಲ ಮಾತ್ರ ವರ್ಷವಿಡೀ ಅಷ್ಟೇ ಇರುತ್ತದೆ.
— ಫಿಸಿಯೋಥೆರಪಿಸ್ಟ್, ಮೈಸೂರು

ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸೂರ್ಯನಮಸ್ಕಾರ ಸೇರಿಸಿಕೊಳ್ಳಿ. ಹನ್ನೆರಡು ಸ್ಥಿತಿಗಳ ಒಂದು ಸುತ್ತಿಗೆ ಒಂದು ನಿಮಿಷ ಕೊಟ್ಟರೆ ಬಲಗಾಲಿಗೆ ಮೂರು, ಎಡಗಾಲಿಗೆ ಮೂರು ಸುತ್ತು ಆರು ನಿಮಿಷದಲ್ಲಿ ಮುಗಿಯುತ್ತವೆ. ಮಂಡಿನೋವು ಇರುವುದರಿಂದ, ಒಂದು ಕಾಲನ್ನು ಹಿಂದಕ್ಕೆ ಚಾಚುವ ಅಶ್ವಸಂಚಾಲನಾಸನದಲ್ಲಿ ನೆಲಕ್ಕೂರುವ ಮಂಡಿಯ ಕೆಳಗೆ ಟವೆಲ್ ಮಡಚಿ ಇಡಿ. ನಿಂತು ಮುಂದಕ್ಕೆ ಬಾಗುವ ಪಾದಹಸ್ತಾಸನದಲ್ಲಿ ಕೈ ನೆಲ ಮುಟ್ಟಲೇಬೇಕೆಂದು ಬೆನ್ನು ಎಳೆಯಬೇಡಿ, ಮಂಡಿ ಸ್ವಲ್ಪ ಬಗ್ಗಿಸಿದರೆ ತಪ್ಪಿಲ್ಲ. ಮೊದಲ ದಿನವೇ ಹನ್ನೆರಡು ಸುತ್ತು ಹಾಕಿದರೆ ಮರುದಿನ ಮಣಿಕಟ್ಟು, ಭುಜ ಹಿಡಿದುಕೊಂಡು ಅಭ್ಯಾಸವೇ ನಿಂತೀತು.
— ಯೋಗ ಶಿಕ್ಷಕ, ಶಿವಮೊಗ್ಗ

ಅಕ್ಕಾ, ನಾಲ್ಕೂವರೆಗೆ ಏಳುವುದನ್ನು ದಯವಿಟ್ಟು ಬಿಟ್ಟುಬಿಡಿ. ನಿದ್ದೆ ಕದ್ದು ಮಾಡಿದ ವ್ಯಾಯಾಮ ಹತ್ತು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ, ನಿದ್ದೆ ಕೆಟ್ಟರೆ ಸಕ್ಕರೆಗೂ ಒಳ್ಳೆಯದಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ನಾಲ್ಕು ಡಬ್ಬಿ. ಡಬ್ಬಿ ತುಂಬಿ ಮುಚ್ಚಳ ಹಾಕುವುದನ್ನು, ನೀರಿನ ಬಾಟಲಿ ತುಂಬುವುದನ್ನು, ಅತ್ತೆಯವರ ಮಾತ್ರೆಯನ್ನು ಮನೆಯ ಬೇರೆಯವರಿಗೆ ಹೆಸರು ಹೇಳಿ ವಹಿಸಿ. "ಯಾರಾದರೂ ಮಾಡಿ" ಎಂದರೆ ಯಾರೂ ಮಾಡುವುದಿಲ್ಲ. ವಾರದ ಮಾತ್ರೆಗಳನ್ನು ಭಾನುವಾರವೇ ಏಳು ಖಾನೆಯ ಡಬ್ಬಿಯಲ್ಲಿ ಹಾಕಿಟ್ಟರೆ ಮಕ್ಕಳೂ ತೆಗೆದುಕೊಡಬಹುದು. ತೆಂಗಿನಕಾಯಿ ತುರಿದು, ತರಕಾರಿ ಹೆಚ್ಚಿ ರಾತ್ರಿಯೇ ಫ್ರಿಜ್ಜಿಗೆ ಸೇರಿಸಿ. ಹೀಗೆ ಉಳಿದ ಹದಿನೈದು ನಿಮಿಷವನ್ನು ಇನ್ನೊಂದು ಪಲ್ಯಕ್ಕೆ ಕೊಡಬೇಡಿ. ಬಸ್ಸಿಗೆ ಮುಂದಿನ ಸ್ಟಾಪಿನವರೆಗೆ ನಡೆದು ಹೋಗಲು ಅದು ಸಾಕು.

ಚಪ್ಪಲಿಯದೂ ಒಂದು ಮಾತು. ಹಿಂದೆ ಪಟ್ಟಿ ಇಲ್ಲದ ಚಪ್ಪಲಿಯಲ್ಲಿ ಬಿರುಸಾಗಿ ನಡೆದರೆ ಅದು ಬೀಳದಂತೆ ಕಾಲಬೆರಳು ಹಿಡಿದುಕೊಳ್ಳುತ್ತಲೇ ಇರುತ್ತವೆ, ಮೀನಖಂಡ ಬಿಗಿಯುತ್ತದೆ, ಹಿಮ್ಮಡಿ ನೋಯುತ್ತದೆ. ಮನೆಯಿಂದಲೇ ಶೂ ಹಾಕಿಕೊಂಡು ಹೊರಡಿ, ಕಚೇರಿಯ ಚಪ್ಪಲಿ ಮೇಜಿನ ಕೆಳಗೇ ಇರಲಿ.
— ಓದುಗರು, ದಾವಣಗೆರೆ