ಚಳಿಗಾಲದ ಗ್ಯಾರೇಜ್ ವರ್ಕ್‌ಶಾಪ್: ಬಾಗಿಲು ಸೀಲ್ ಮಾಡೋದು ಮೊದಲೋ, ಹೀಟರ್ ಮೊದಲೋ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಮಿಷಿಗನ್‌ನಲ್ಲಿ ಮನೆಗೆ ಸೇರಿಕೊಂಡಿರುವ ಗ್ಯಾರೇಜಿನಲ್ಲೇ ನನ್ನ ಮರಗೆಲಸ. 440 ಚದರಡಿ, 9 ಅಡಿ ಎತ್ತರ, ಗೋಡೆಗೂ ಸೂರಿಗೂ ಇನ್ಸುಲೇಷನ್ ಇದೆ. ವಾರಾಂತ್ಯದಲ್ಲಿ ಚಿಮಣಿ ಇಲ್ಲದ ಪ್ರೊಪೇನ್ ಹೀಟರ್ ಹಚ್ಚಿದರೆ ಸ್ವಲ್ಪ ಹೊತ್ತಿಗೇ ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ) ಮೇಲೆ ನೀರು ಕೂರುತ್ತದೆ, ಮರುದಿನ ತುಕ್ಕು. ಅಂಟಿಸಿದ ಜೋಡಣೆಯೊಂದು ಬಿಟ್ಟುಕೊಂಡಿತು, ಒಳಗೆಲ್ಲ ಬಿಳಿ ಪುಡಿ. ಬಾಗಿಲ ಅಡಿಯಿಂದ ಬೆಳಕು ಕಾಣುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಮರಗೆಲಸದವರು): ಸರ್, ಮೊದಲು ಆ ಪ್ರೊಪೇನ್ ಹೀಟರ್ ನಿಲ್ಲಿಸಿ. ತುಕ್ಕು ತರುತ್ತಿರುವುದು ಚಳಿಯಲ್ಲ, ಆ ಹೀಟರ್. 1 ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಕೆಜಿ ನೀರಾವಿ ಹುಟ್ಟುತ್ತದೆ. ಚಿಮಣಿ ಇಲ್ಲದ್ದರಿಂದ ಅಷ್ಟೂ ಒಳಗೇ ಉಳಿಯುತ್ತದೆ. ಗಾಳಿ 20 ಡಿಗ್ರಿ ಸೆಲ್ಸಿಯಸ್‌ಗೆ ಬೇಗ ಬರುತ್ತದೆ, ಗರಗಸದ ಬೀಡುಕಬ್ಬಿಣದ ಟೇಬಲ್ ಬರುವುದಿಲ್ಲ, ಗಂಟೆಗಟ್ಟಲೆ ತಣ್ಣಗೇ ಇರುತ್ತದೆ. 20 ಡಿಗ್ರಿ ಗಾಳಿಯಲ್ಲಿ ತೇವಾಂಶ ಶೇಕಡಾ 50 ಇದ್ದರೆ, 9 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂತೇ ಕೂರುತ್ತದೆ. ಬಾಗಿಲನ್ನು ಚೆನ್ನಾಗಿ ಮುಚ್ಚಿ ಇದೇ ಹೀಟರ್ ಹಚ್ಚಿದರೆ ಇನ್ನೂ ಅಪಾಯ, ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಹಾಗಾಗಿ ಆ ಹೀಟರ್ ಹೊರಗೆ ಹೋದ ಮೇಲೇ ಸಂದಿ ಮುಚ್ಚುವ ಕೆಲಸಕ್ಕೆ ಕೈ ಹಾಕಿ.

ಬಾಗಿಲ ಅಡಿಯ ಹಳೇ ರಬ್ಬರನ್ನು ಅಲ್ಯೂಮಿನಿಯಂ ಚಾನಲ್‌ನಿಂದ ಪಕ್ಕಕ್ಕೆ ಎಳೆದು ತೆಗೆಯಿರಿ. ಅದರ ‘ಟಿ’ ಅಂಚಿನ ಅಗಲ ಅಳೆಯಿರಿ, ಸಾಮಾನ್ಯವಾಗಿ 1/4 ಅಥವಾ 5/16 ಇಂಚು ಇರುತ್ತದೆ. ಹೊಸದು ಇಪಿಡಿಎಂ (ಚಳಿಯಲ್ಲೂ ಮೆತ್ತಗಿರುವ ಕೃತಕ ರಬ್ಬರ್) ರಬ್ಬರೇ ಆಗಲಿ. ವಿನೈಲ್ ಅಗ್ಗ, ಆದರೆ ಚಳಿಗೆ ಗಟ್ಟಿಯಾಗಿ ನೆಲಕ್ಕೆ ಒರಗುವುದೇ ಇಲ್ಲ. ಚಾನಲ್‌ಗೆ ಸೋಪಿನ ನೀರು ಹಚ್ಚಿಕೊಂಡು ಒಬ್ಬರು ತೂರಿಸಿ, ಇನ್ನೊಬ್ಬರು ಎಳೆಯಬೇಕು. ಎರಡೂ ತುದಿಯಲ್ಲಿ ಒಂದೊಂದು ಇಂಚು ಹೆಚ್ಚು ಬಿಡಿ, ಆಮೇಲೆ ಕುಗ್ಗುತ್ತದೆ. ನೆಲ ಏರುತಗ್ಗಾಗಿದ್ದರೆ ನೆಲಕ್ಕೆ ಅಂಟಿಸುವ ರಬ್ಬರ್ ಹೊಸ್ತಿಲೂ ಬೇಕು. ಆದರೆ ಕಾಂಕ್ರೀಟ್ ಒಣಗಿ 10 ಡಿಗ್ರಿ ಮೇಲಿರಬೇಕು, ಇಲ್ಲದಿದ್ದರೆ ಕಿತ್ತು ಬರುತ್ತದೆ. ಅದನ್ನು ಬೇಸಿಗೆಗೆ ಇಟ್ಟುಕೊಳ್ಳಿ.

ಪಕ್ಕದ ಮತ್ತು ಮೇಲಿನ ಪಟ್ಟಿಗಳನ್ನು ಬಾಗಿಲು ಮುಚ್ಚಿಕೊಂಡೇ ಹೊಡೆಯಿರಿ. ರಬ್ಬರಿನ ನಾಲಿಗೆ ಬಾಗಿಲಿಗೆ ತಾಗಿ ಸ್ವಲ್ಪ ಮಡಚಿದರೆ ಸಾಕು. ಬಿಗಿ ಹೆಚ್ಚಾದರೆ ಮೋಟರಿಗೆ ಭಾರವಾಗುತ್ತದೆ. ಮುಗಿದ ಮೇಲೆ ನೆಲದಲ್ಲಿ ಒಂದೂವರೆ ಇಂಚು ದಪ್ಪದ ಹಲಗೆ ಮಲಗಿಸಿ ಬಾಗಿಲು ಇಳಿಸಿ ನೋಡಿ. ತಾಗಿದ ಕೂಡಲೇ ಅದು ಹಿಂದಕ್ಕೆ ಏರಲೇಬೇಕು.

ಗೋಡೆಯ ಬುಡ ಮತ್ತು ಕಾಂಕ್ರೀಟ್ ನಡುವಿನ ಸಂದಿಗೆ ಫೋಮ್ ಸಾಕು, ಡಬ್ಬಿಯನ್ನು ಮನೆಯೊಳಗೆ ಬೆಚ್ಚಗೆ ಇಟ್ಟಿದ್ದು ತನ್ನಿ. ಮನೆ ಕಡೆಯ ಗೋಡೆಯ ತೂತುಗಳಿಗೆ ಮಾತ್ರ ಬೆಂಕಿ ತಡೆಯುವ ಸೀಲಂಟ್ ಬಳಸಿ.

ಇನ್ನು ಅಂಟು. ಆ ಬಿಳಿ ಪುಡಿ ಅಂದರೆ ಚಳಿಗೆ ಅಂಟು ಪದರವಾಗಿ ಕೂಡಿಕೊಳ್ಳಲೇ ಇಲ್ಲ ಅಂತ. ಟೈಟ್‌ಬಾಂಡ್ 2 ಎಂಬ ಮರದ ಅಂಟಿಗೆ ಕನಿಷ್ಠ 13 ಡಿಗ್ರಿ ಬೇಕು, ಟೈಟ್‌ಬಾಂಡ್ 3ಕ್ಕೆ ಸುಮಾರು 8. ಇದು ಗಾಳಿಯ ಲೆಕ್ಕವಲ್ಲ, ಮರವೂ ಅಷ್ಟು ಬೆಚ್ಚಗಿರಬೇಕು. ಹಿಂದಿನ ದಿನವೇ ಮರವನ್ನು ಮನೆಯೊಳಗೆ ಇಟ್ಟು, ಅಂಟಿಸಿ ಕ್ಲ್ಯಾಂಪ್ ಹಾಕಿದ್ದನ್ನೂ ಒಳಗೇ ಒಣಗಿಸಿ. ಬಿಟ್ಟುಕೊಂಡ ಜೋಡಣೆಯ ಮೇಲೆ ಹೊಸ ಅಂಟು ಹಚ್ಚಬೇಡಿ, ಹಳೆಯದನ್ನು ಮರ ಕಾಣುವವರೆಗೆ ಕೆರೆಯಿರಿ.

ಟೇಬಲ್ ಮೇಲಿನ ತುಕ್ಕನ್ನು ಬೂದುಬಣ್ಣದ ಸ್ಕಾಚ್‌ಬ್ರೈಟ್ ಮತ್ತು ಮಿನರಲ್ ಸ್ಪಿರಿಟ್ಸ್‌ನಿಂದ (ಬೆಂಕಿ ಹತ್ತುವ ಪೇಂಟ್ ಥಿನ್ನರ್) ಉಜ್ಜಿ. ಆಗ ಹೀಟರ್ ಆಫ್ ಇರಲಿ. ಒಣಗಿದ ಮೇಲೆ ಸಿಲಿಕೋನ್ ಇಲ್ಲದ ಪೇಸ್ಟ್ ವ್ಯಾಕ್ಸ್ ತೆಳ್ಳಗೆ ಹಚ್ಚಿ. ಸಿಲಿಕೋನ್ ಮರಕ್ಕೆ ಹತ್ತಿದರೆ ಪಾಲಿಶ್ ಗುಳಿ ಬೀಳುತ್ತದೆ. ಕಾರು ಅಲ್ಲೇ ನಿಲ್ಲುತ್ತಿದ್ದರೆ ಮಷಿನ್‌ಗಳನ್ನು ದೂರ ಇಡಿ, ಕರಗಿ ಬೀಳುವ ಹಿಮದಲ್ಲಿ ರಸ್ತೆಯ ಉಪ್ಪಿರುತ್ತದೆ.

ಮರುಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ಎಲೆಕ್ಟ್ರಿಕ್ ಹೀಟರ್ ಎಷ್ಟು ದೊಡ್ಡದು ಬೇಕು? ಏರ್ ಕಂಪ್ರೆಸರ್ ಕೂಡ ಚಳಿಯಲ್ಲಿ ಗುಂಯ್ ಎಂದು ಬ್ರೇಕರ್ ಬೀಳಿಸುತ್ತದೆ.

ಉತ್ತರ (ಎಲೆಕ್ಟ್ರಿಷಿಯನ್): ಇನ್ಸುಲೇಷನ್ ಇರುವ ಗ್ಯಾರೇಜಿಗೆ ಚದರಡಿಗೆ 10 ವ್ಯಾಟ್ ಹಿಡಿಯಿರಿ. ನಿಮಗೆ 4400, ಅಂದರೆ 5000 ವ್ಯಾಟಿನ 240 ವೋಲ್ಟ್ ಹೀಟರ್. ಅದು 20.8 ಆಂಪಿಯರ್ ಎಳೆಯುತ್ತದೆ. ಗಂಟೆಗಟ್ಟಲೆ ಉರಿಯುವ ಲೋಡ್ ಆದ್ದರಿಂದ 125 ಪರ್ಸೆಂಟ್ ಲೆಕ್ಕ ಹಾಕಿದರೆ 26. ಹಾಗಾಗಿ ಪ್ರತ್ಯೇಕ 30 ಆಂಪಿಯರ್ ಸರ್ಕ್ಯೂಟ್, 10 ಗೇಜ್ ತಾಮ್ರದ ತಂತಿ. ಕೆಂಪಗೆ ಕಾಯುವ ಕಾಯಿಲ್ ಹೊರಗೆ ಕಾಣುವ ಮಾದರಿ ಬೇಡ, ಮರದ ಧೂಳಿಗೆ ಬೆಂಕಿ ಹತ್ತುತ್ತದೆ. ವಾರವಿಡೀ 5ರಿಂದ 7 ಡಿಗ್ರಿಯಲ್ಲಿ ಬಿಟ್ಟಿರಿ, ಕೆಲಸದ ಹಿಂದಿನ ರಾತ್ರಿ ಏರಿಸಿ. ಕಬ್ಬಿಣ ನಿಧಾನವಾಗಿ ಬಿಸಿಯಾಗಲಿ.

ಕಂಪ್ರೆಸರಿನ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಮೋಟರ್ ತಿರುಗಲಾರದೆ ಕರೆಂಟ್ ಎಳೆಯುತ್ತದೆ. ತೆಳು ಎಕ್ಸ್‌ಟೆನ್ಶನ್ ವೈರ್ ಇದ್ದರೆ ತೆಗೆದುಹಾಕಿ, ನೇರ ಸಾಕೆಟ್‌ಗೆ ಹಾಕಿ, ಉದ್ದ ಬೇಕಾದರೆ ಗಾಳಿಯ ಪೈಪ್ ಉದ್ದ ಮಾಡಿ. ಮ್ಯಾನುಯಲ್ ಒಪ್ಪಿದರೆ ಸಿಂಥೆಟಿಕ್ ಎಣ್ಣೆ ಹಾಕಿ. ಪ್ರತಿ ಸಲ ಕೆಲಸ ಮುಗಿದಾಗ ಟ್ಯಾಂಕಿನ ನೀರು ಬಸಿಯಿರಿ, ಇಲ್ಲವಾದರೆ ಪ್ರೆಷರ್ ಸ್ವಿಚ್ಚಿನ ಸಣ್ಣ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಡ್ರಿಲ್‌ನ ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಬೇಡಿ, ಅದು ಮನೆಯೊಳಗೆ ಇರಲಿ.

ಇನ್ನೊಬ್ಬರ ಪ್ರಶ್ನೆ: ಡಸ್ಟ್ ಕಲೆಕ್ಟರ್ ಗಾಳಿಯನ್ನು ಹೊರಗೆ ಬಿಟ್ಟರೆ ಒಳಗೆ ಧೂಳು ಕಡಿಮೆ ಅಲ್ಲವೇ?

ಉತ್ತರ (ಮರಗೆಲಸದವರು): ಬೇಸಿಗೆಯಲ್ಲಿ ಹೌದು. ಚಳಿಗಾಲದಲ್ಲಿ ಬೇಡ. ಇವರ ಗ್ಯಾರೇಜಿನಲ್ಲಿ ಸುಮಾರು 4000 ಘನ ಅಡಿ ಗಾಳಿ ಇದೆ. ನಿಮಿಷಕ್ಕೆ 1000 ಘನ ಅಡಿ ಎಳೆಯುವ ಕಲೆಕ್ಟರ್ ನಾಲ್ಕು ನಿಮಿಷದಲ್ಲಿ ಅಷ್ಟು ಬೆಚ್ಚಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ. ಅದಕ್ಕಿಂತ ಮುಖ್ಯ, ಸೀಲ್ ಆದ ಕೋಣೆಯಲ್ಲಿ ಒತ್ತಡ ಇಳಿದು, ಪಕ್ಕದಲ್ಲಿ ಗ್ಯಾಸ್ ವಾಟರ್ ಹೀಟರ್ ಇದ್ದರೆ ಅದರ ಹೊಗೆ ಚಿಮಣಿಯಿಂದ ವಾಪಸ್ ಒಳಗೆ ಬರಬಹುದು. ಸಣ್ಣ ಧೂಳನ್ನೂ ಹಿಡಿಯುವ ಕಾರ್ಟ್ರಿಡ್ಜ್ ಫಿಲ್ಟರ್ ಹಾಕಿ ಗಾಳಿಯನ್ನು ಒಳಗೇ ಬಿಡಿ, ಮರಳು ಕಾಗದ ತಿಕ್ಕುವಾಗ ಮಾಸ್ಕ್ ಕಟ್ಟಿ, ಮನೆಯೊಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ ಎಂದು ಇವತ್ತೇ ನೋಡಿ.